ಗೃಹಪ್ರವೇಶದಲ್ಲಿ ಆರು ಫೋಟೊ, ಬಿದ್ದ ಚರ್ಚ್‌ನಲ್ಲಿ ಮುನ್ನೂರ ನಲವತ್ತು: ಏನಿದು ಈ ಹುಚ್ಚು?

ಕಿಟಕಿಬೆಳಕು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಮನೆಜಗಳದಿಂದ ಶುರು ಮಾಡುತ್ತೇನೆ.

ಹೋದ ವಾರ ಹಾಸನದಲ್ಲಿ ಭಾವನ ಮನೆ ಗೃಹಪ್ರವೇಶ ಇತ್ತು. ಕ್ಯಾಮೆರಾ ತಂದಿದ್ದೀಯಲ್ಲ, ನಾಲ್ಕು ಫೋಟೊ ತೆಗಿ ಅಂದರು. ತೆಗೆದೆ. ಊಟ ಮುಗಿದ ಮೇಲೆ, ಹೇಗೂ ಇಷ್ಟು ದೂರ ಬಂದಿದ್ದೇವೆ ಅಂತ ಶೆಟ್ಟಿಹಳ್ಳಿ ಚರ್ಚ್ ಕಡೆ ಹೋದೆವು. ರಾತ್ರಿ ಕಾರ್ಡ್ ಖಾಲಿ ಮಾಡುವಾಗ ಹೆಂಡತಿ ಪಕ್ಕದಲ್ಲೇ ಕೂತು ಲೆಕ್ಕ ಹಾಕಿದಳು. ಗೃಹಪ್ರವೇಶದ್ದು ಆರು. ಚರ್ಚ್‌ದು ಮುನ್ನೂರ ನಲವತ್ತು. "ಅಣ್ಣ ಸಾಲ ಮಾಡಿ ಕಟ್ಟಿದ ಮನೆ ಕಣ್ಣಿಗೆ ಬೀಳಲಿಲ್ಲ, ಬಿದ್ದಿರೋ ಗೋಡೆ ಬಿತ್ತು" ಅಂದಳು. ಉತ್ತರ ಕೊಡೋಕೆ ಆಗಲಿಲ್ಲ.

ಆ ಹೊಸ ಮನೆ ಚೆನ್ನಾಗಿಯೇ ಇದೆ. ಹೊಳೆಯುವ ಟೈಲ್ಸ್, ಫಾಲ್ಸ್ ಸೀಲಿಂಗ್, ಒಂದೊಂದು ರೂಮಿಗೆ ಒಂದೊಂದು ಬಣ್ಣ. ಆದರೆ ಕ್ಯಾಮೆರಾ ಕಣ್ಣಿಗಿಟ್ಟರೆ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗಲಿಲ್ಲ. ಚರ್ಚ್‌ನಲ್ಲಿ ಹಾಗಲ್ಲ. ಮಾರ್ಚ್ ಬಿಸಿಲು, ನೀರು ಇಳಿದಿತ್ತು, ಒಳಗೆ ನಡೆದೇ ಹೋಗಬಹುದಿತ್ತು. ಛಾವಣಿ ಇಲ್ಲ. ಕಂಬಗಳ ಮೇಲೆ ನೀರು ನಿಂತ ಗುರುತು ಪಟ್ಟೆ ಪಟ್ಟೆಯಾಗಿ ಇದೆ. ಕೆಳಗೆ ಕೆಸರು ಒಣಗಿ ಹಪ್ಪಳದ ಹಾಗೆ ಅಂಚು ಎದ್ದಿದೆ. ಕಮಾನಿನ ನೆರಳು ಆ ಹಪ್ಪಳಗಳ ಮೇಲೆ ಮುರಿದು ಮುರಿದು ಬೀಳುತ್ತಿತ್ತು. ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಪಾಳು ಕಟ್ಟಡ ಕಂಡರೆ ಫೋಟೊ ತೆಗೆಯುವವರಿಗೆ ಕೈ ಯಾಕೆ ತುರಿಸುತ್ತದೆ? ಬೆಳಕಾ, ಗೋಡೆಯಾ, ಅಥವಾ ಮನುಷ್ಯರ ಕೆಟ್ಟ ಬುದ್ಧಿಯಾ?

ಟ್ರೈಪಾಡ್ ತಿಮ್ಮ · ಭಾನುವಾರ ರಾತ್ರಿ

ತೊಂಬತ್ತು ಪಾಲು ಬೆಳಕು ಸ್ವಾಮಿ. ಬುದ್ಧಿ ಆಮೇಲೆ.

ಹೊಸ ಮನೆಯಲ್ಲಿ ಬೆಳಕು ನಾಲ್ಕೂ ಕಡೆಯಿಂದ ಬರುತ್ತದೆ. ಬಿಳಿ ಗೋಡೆ, ಬಿಳಿ ಸೀಲಿಂಗ್, ಬಿಳಿ ಎಲ್‌ಇಡಿ. ನೆರಳೇ ಇಲ್ಲ. ನೆರಳಿಲ್ಲದಿದ್ದರೆ ಫೋಟೊದಲ್ಲಿ ಆಕಾರವೂ ಇಲ್ಲ. ಪಾಳು ಕಟ್ಟಡದಲ್ಲಿ ಕರೆಂಟ್ ಇಲ್ಲ, ಅದೇ ದೊಡ್ಡ ಉಪಕಾರ. ಒಂದು ಕಿಟಕಿ, ಇಲ್ಲ ಛಾವಣಿಯ ಒಂದು ತೂತು. ಬೆಳಕು ಒಂದೇ ಕಡೆಯಿಂದ ಬಂದು ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಉದುರಿದ ಗಾರೆ, ಎದ್ದ ಸುಣ್ಣ, ಒಂದೊಂದು ಚೂರಿಗೂ ಅದರದೇ ನೆರಳು.

ಇನ್ನೊಂದು, ಬಣ್ಣ. ಹಳೆಯ ಗೋಡೆಗೆ ವರ್ಷ ವರ್ಷ ಸುಣ್ಣ ಬಳಿದಿರುತ್ತಾರೆ. ಒಂದು ಹಬ್ಬಕ್ಕೆ ನೀಲಿ, ಇನ್ನೊಂದಕ್ಕೆ ತಿಳಿಹಸಿರು, ಯಾವುದೋ ಮದುವೆಗೆ ಗುಲಾಬಿ. ಉದುರುವಾಗ ಎಲ್ಲ ಪದರವೂ ಒಟ್ಟಿಗೆ ಕಾಣುತ್ತದೆ. ಯಾವ ಪೇಂಟರ್ ಕೂಡ ಅದನ್ನು ಬೇಕೆಂದು ಮಾಡಲಾರ.

ತೆಗೆಯುವ ರೀತಿ ಬಗ್ಗೆ ಎರಡು ಮಾತು. ಕಿಟಕಿ ಸೇರಿಸಿ ತೆಗೆದರೆ ಒಳಗೆ ಕಪ್ಪು, ಒಳಗೆ ಸರಿಮಾಡಿದರೆ ಕಿಟಕಿ ಬಿಳಿ. ಟ್ರೈಪಾಡ್ ಮೇಲಿಟ್ಟು ಎರಡೆರಡು ಸ್ಟಾಪ್ ಅಂತರದಲ್ಲಿ, ಅಂದರೆ ಒಂದಕ್ಕಿಂತ ಒಂದಕ್ಕೆ ನಾಲ್ಕು ಪಟ್ಟು ಬೆಳಕು ಕೊಟ್ಟು, ಮೂರು ಫ್ರೇಮ್ ತೆಗೆಯಿರಿ, ರಾ ಫೈಲ್‌ನಲ್ಲೇ (ಕ್ಯಾಮೆರಾ ಏನೂ ತಿದ್ದದ ಫೈಲ್). ಐಎಸ್‌ಒ (ಬೆಳಕಿಗೆ ಸಂವೇದನೆ) 100, ಲೆನ್ಸಿನ ತೆರವು ಎಫ್/8, ಶಟರ್ ಎಷ್ಟು ಬೇಕೋ ಅಷ್ಟು. ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ. ಆಮೇಲೆ ಮೂರನ್ನೂ ಒಂದೇ ಫೋಟೊ ಆಗಿ ಜೋಡಿಸುವಾಗ ದಯವಿಟ್ಟು ಕೈ ಬಿಗಿಹಿಡಿಯಿರಿ. ಎಚ್‌ಡಿಆರ್ ಅಂತ ಮೂಲೆ ಮೂಲೆಗೂ ಬೆಳಕು ತುಂಬಿಸಿದರೆ ಗೋಡೆ ಪ್ಲಾಸ್ಟಿಕ್ ಆಗುತ್ತದೆ. ಕಪ್ಪು ಇರಬೇಕಾದ ಕಡೆ ಕಪ್ಪು ಇರಲಿ.

ಕ್ಯಾಮೆರಾ ಎದೆಮಟ್ಟ, ನೇರ. ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬೀಳುವ ಹಾಗೆ ಕಾಣುತ್ತವೆ. ಅವು ಹೇಗೂ ಬೀಳುತ್ತಿವೆ, ನೀವು ಬೀಳಿಸಬೇಡಿ.

ಸುಮ್ನೆ ಒಬ್ಬ · ಭಾನುವಾರ ರಾತ್ರಿ

ನನಗಂತೂ ಪಾಳು ಕಟ್ಟಡ ಅಂದರೆ ಹಾವು. ಫೋಟೊ ನೀವು ತೆಗೆಯಿರಿ, ನಾನು ಇಲ್ಲಿ ಕೂತು ನೋಡುತ್ತೇನೆ.

ಹೇಮಾವತಿ ದಂಡೆ · ಸೋಮವಾರ ಬೆಳಿಗ್ಗೆ

ನಾನು ಅದೇ ಕಡೆಯವನು. ಒಂದು ಮಾತು ಸರಿಮಾಡಬೇಕು. ಶೆಟ್ಟಿಹಳ್ಳಿ ಚರ್ಚ್ ಪಾಳು ಬಿದ್ದಿದ್ದಲ್ಲ, ಮುಳುಗಿಸಿದ್ದು. ಎರಡೂ ಒಂದೇ ಅಲ್ಲ.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್ ಅದು. ಗಾರೆಗೆ ಬೆಲ್ಲ, ಮೊಟ್ಟೆ ಕಲಸಿದ್ದರು ಅಂತ ನಮ್ಮ ಕಡೆ ಹೇಳುತ್ತಾರೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದರು. ಹಿನ್ನೀರಿಗೆ ಊರೂರೇ ಹೋದವು. ಜನ ಎದ್ದುಹೋದರು. ಚರ್ಚ್ ಹೊತ್ತುಕೊಂಡು ಹೋಗೋಕೆ ಆಗುತ್ತಾ? ಅದು ಅಲ್ಲೇ ನಿಂತಿತು. ಆವತ್ತಿನಿಂದ ಮಳೆಗಾಲಕ್ಕೆ ಕುತ್ತಿಗೆವರೆಗೆ ನೀರು, ಬೇಸಿಗೆಗೆ ಕಾಲಡಿ ಬಿರುಕು ನೆಲ. ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗುವ ಕಟ್ಟಡ ಇಷ್ಟು ವರ್ಷ ನಿಂತಿದ್ದೇ ಹೆಚ್ಚು.

ನಮ್ಮ ಅಜ್ಜನ ಗದ್ದೆಯೂ ಆ ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜ ದಡದಲ್ಲಿ ನಿಂತು ಬೆರಳು ತೋರಿಸಿ ಬದು ಎಣಿಸುತ್ತಿದ್ದರು. ನಮಗೆ ಬರೀ ಕೆಸರು ಕಾಣುತ್ತಿತ್ತು. ಅವರಿಗೆ ಬದು ಕಾಣುತ್ತಿತ್ತು.

ಬರುವವರು ಬನ್ನಿ, ಬೇಡ ಅನ್ನುವುದಿಲ್ಲ. ಗೋಡೆ ಹತ್ತಬೇಡಿ. ಇಟ್ಟಿಗೆಯ ಮೇಲೆ ಕೀಲಿಕೈಯಲ್ಲಿ ಹೆಸರು ಕೆತ್ತಬೇಡಿ. ನೀವು ತೆಗೆದ ಮುನ್ನೂರ ನಲವತ್ತರಲ್ಲಿ "ಮಂಜು ಲವ್ಸ್" ಎಷ್ಟು ಸಲ ಬಂದಿದೆ ನೋಡಿ.

ಕಿಟಕಿಬೆಳಕು · ಸೋಮವಾರ ಬೆಳಿಗ್ಗೆ

ಒಂಬತ್ತು ಸಲ. ಈಗಷ್ಟೇ ಎಣಿಸಿದೆ. ಒಂದರಲ್ಲಿ ಮಂಜು ಹೆಸರನ್ನು ಯಾರೋ ಹೊಡೆದುಹಾಕಿದ್ದಾರೆ.

ಸಾಗರದಾಚೆ · ಸೋಮವಾರ ಬೆಳಿಗ್ಗೆ

ಮುಳುಗಿದ್ದರ ಮಾತು ಬಂತು, ನಮ್ಮದೂ ಒಂದು ಸೇರಿಸಿ. ಶರಾವತಿಯಲ್ಲಿ ಹಿರೇಭಾಸ್ಕರ ಅಂತ ಅಣೆಕಟ್ಟು ಇತ್ತು. ಮಡೆನೂರು ಡ್ಯಾಮ್ ಅಂತಲೂ ಹೇಳುತ್ತೇವೆ. ಲಿಂಗನಮಕ್ಕಿ ಬಂದು ಅದನ್ನೇ ನುಂಗಿತು. ಮನೆ, ಗದ್ದೆ, ಗುಡಿ ಮುಳುಗುವುದು ನೋಡಿದ್ದೇವೆ. ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದ್ದು ನಮ್ಮಲ್ಲೇ ಇರಬೇಕು. ಬರಗಾಲದ ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಎದ್ದು ಕೂರುತ್ತದೆ. ಆಗ ಬೆಂಗಳೂರಿನಿಂದ ಕಾರುಗಳ ಸಾಲು. ನಮ್ಮೂರಲ್ಲಿ ಬರ ಬಂತು ಅನ್ನೋದು ಪೇಪರಿಗಿಂತ ಮೊದಲು ನಿಮ್ಮ ಫೋಟೊಗಳಿಂದ ಗೊತ್ತಾಗುತ್ತದೆ.

ಕ್ಯಾಂಡಿಡ್ ಕುಮಾರ · ಸೋಮವಾರ ಮಧ್ಯಾಹ್ನ

ಬೈಯುವ ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರಿವೆಡ್ಡಿಂಗ್ ಶೂಟ್ ಮಾಡುವವನು. ಹೌದು, ಫೋಟೊಗೆ ಬಣ್ಣದ ಹೊಗೆಬಾಂಬು ಹಚ್ಚುವವರ ಪೈಕಿ.

ನಮ್ಮದು ಹೊಟ್ಟೆಪಾಡು. ಸ್ಟುಡಿಯೊ ಸೆಟ್‌ಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಅಲ್ಲಿ ಅರಮನೆ ಅಂತ ನಿಲ್ಲಿಸಿರುವುದು ಥರ್ಮೊಕೋಲ್. ಅದೇ ಜೋಡಿಯನ್ನು ಒಂದು ಹಳೆಯ ಗೋಡೆ ಮುಂದೆ ನಿಲ್ಲಿಸಿ ನೋಡಿ. ಹಿಂದೆ ಪಾಚಿಯ ಬೂದು ಹಸಿರು, ಮುಂದೆ ಅರಿಶಿನ ಬಣ್ಣದ ರೇಷ್ಮೆ ಸೀರೆ. ಸೀರೆ ಉರಿಯುವ ಹಾಗೆ ಕಾಣುತ್ತದೆ. ಹೊಸದರ ಪಕ್ಕ ಹಳೆಯದು ಇಟ್ಟರೇನೇ ಹೊಸದು ಹೊಸದಾಗಿ ಕಾಣೋದು. ಇಷ್ಟೇ ಗುಟ್ಟು.

ಹೊಗೆಬಾಂಬಿನ ವಿಷಯ ಒಪ್ಪುತ್ತೇನೆ. ಒಂದು ಸಲ ಗೋಡೆಗೆ ಕೇಸರಿ ಕಲೆ ಹತ್ತಿ, ನಾನೂ ಅಸಿಸ್ಟೆಂಟೂ ಬಾಟಲಿ ನೀರಿನಲ್ಲಿ ಒಂದು ಗಂಟೆ ಉಜ್ಜಿದೆವು. ಹೋಗಲಿಲ್ಲ. ಆಮೇಲೆ ಬಿಟ್ಟುಬಿಟ್ಟಿದ್ದೇನೆ.

ತುಂಬೆಹೂ · ಸೋಮವಾರ ಮಧ್ಯಾಹ್ನ

ಮದುವೆಗೆ ಮೊದಲೇ ಬಿದ್ದ ಮನೆ ಮುಂದೆ ನಿಂತು ಫೋಟೊ! ನಮ್ಮಜ್ಜಿ ಇದ್ದಿದ್ದರೆ ಕ್ಯಾಮೆರಾಗೂ ಸೇರಿಸಿ ದೃಷ್ಟಿ ತೆಗೆಯುತ್ತಿದ್ದರು.

ಮಾರಿಕುಪ್ಪಂ ಮೇಲ್ · ಸೋಮವಾರ ರಾತ್ರಿ

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯೋದು ಬೇಡ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕೆಜಿಎಫ್‌ನವಳು. ಅಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡುತ್ತಿದ್ದರು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ. ಭೂಮಿಯೊಳಗೆ ರಾಕ್ ಬರ್ಸ್ಟ್ (ಒತ್ತಡಕ್ಕೆ ಬಂಡೆ ಸಿಡಿಯುವುದು) ಆದರೆ ಮೇಲೆ ಮನೆಯಲ್ಲಿ ಸ್ಟ್ಯಾಂಡಿನ ಪಾತ್ರೆ ಅಲುಗಾಡುತ್ತಿತ್ತು. ಅಮ್ಮ ಮೊದಲು ಪಾತ್ರೆ ಹಿಡಿಯುತ್ತಿದ್ದಳು, ಆಮೇಲೆ ಗಡಿಯಾರ ನೋಡುತ್ತಿದ್ದಳು, ಅಪ್ಪನದು ಯಾವ ಶಿಫ್ಟು ಅಂತ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಾನು ಆಗ ಎಂಟನೇ ಕ್ಲಾಸು.

ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮೂರಿಗೆ ಬಂದಿತ್ತು. ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಇದನ್ನು ನಾವು ಎಲ್ಲರಿಗೂ ಹೇಳುತ್ತೇವೆ, ಕೇಳದಿದ್ದರೂ ಹೇಳುತ್ತೇವೆ. ಈಗ ನಮ್ಮೂರಿಗೆ ಬರುವವರು ಕೇಳುವುದು ಒಂದೇ ಪ್ರಶ್ನೆ, "ಇಲ್ಲಿ ಪಾಳು ಬಿದ್ದಿದ್ದು ಎಲ್ಲಿದೆ?" ಶಾಫ್ಟಿನ ಕಬ್ಬಿಣದ ಗೋಪುರ ಬೇಕು, ಬ್ರಿಟಿಷರ ಬಂಗಲೆ ಬೇಕು, ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣಿನ ಸಯನೈಡ್ ಗುಡ್ಡದ ಮೇಲೆ ಸೂರ್ಯ ಮುಳುಗಬೇಕು. ಆ ಗುಡ್ಡದ ದೂಳು ಗಾಳಿಗೆ ಎದ್ದು ನಮ್ಮ ಅನ್ನದ ತಟ್ಟೆಗೆ ಬರುತ್ತದೆ ಅನ್ನೋದು ಫೋಟೊದಲ್ಲಿ ಕಾಣೋದಿಲ್ಲ.

ಒಂದು ದಿನ ಚಿಕ್ಕಮ್ಮ ಲೈನ್ ಮನೆ (ಗಣಿ ಕೆಲಸಗಾರರ ಸಾಲುಮನೆ) ಮುಂದೆ ವಡಾಂ, ಅಂದರೆ ಸಂಡಿಗೆ, ಒಣಗಿಸುತ್ತಿದ್ದಳು. ದೊಡ್ಡ ಲೆನ್ಸ್ ಹಿಡಿದ ಇಬ್ಬರು ಬಂದರು. ತುಂಬಾ ಮರ್ಯಾದೆಯಿಂದಲೇ ಕೇಳಿದರು, "ಆಂಟಿ, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಮನೆ ಮಾತ್ರ ಬೇಕು, ಖಾಲಿ ಕಾಣಬೇಕು." ಚಿಕ್ಕಮ್ಮ ಎದ್ದು ಪಕ್ಕಕ್ಕೆ ನಿಂತಳು. ವಡಾಂ ಬಟ್ಟೆಯನ್ನೂ ಎಳೆದುಕೊಂಡಳು. ಅವಳ ಮನೆ ಅದು. ಅವತ್ತೂ ಇದ್ದಳು, ಇವತ್ತೂ ಇದ್ದಾಳೆ.

2011ರ ಜನಗಣತಿಯಲ್ಲಿ ನಮ್ಮೂರಲ್ಲಿ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನ. ಬೆಳಗಿನ ಜಾವ ಮಾರಿಕುಪ್ಪಂ ರೈಲಿಗೆ ಬಂದು ನೋಡಿ, ಪಾಳು ಊರು ಬೆಂಗಳೂರಿಗೆ ಕೆಲಸಕ್ಕೆ ಹೇಗೆ ನೇತಾಡಿಕೊಂಡು ಹೋಗುತ್ತದೆ ಅಂತ. ನಾನೂ ಅದರಲ್ಲೇ ಇರುತ್ತೇನೆ.

ಕಿಟಕಿಬೆಳಕು · ಸೋಮವಾರ ರಾತ್ರಿ

ಏನು ಹೇಳಬೇಕೋ ತಿಳಿಯುತ್ತಿಲ್ಲ. ಎರಡು ವರ್ಷದ ಹಿಂದೆ ನಿಮ್ಮೂರಿಗೆ ಬಂದಿದ್ದೆ. ನಾನೂ ಅದೇ ಪ್ರಶ್ನೆ ಕೇಳಿದ್ದೆ. ಇದೇ ಮಾತಿನಲ್ಲಿ.

ಮಿಚಿಗನ್ ಮಾವ · ಮಂಗಳವಾರ ಬೆಳಿಗ್ಗೆ

ಡೆಟ್ರಾಯಿಟ್ ಪಕ್ಕದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಕೆಜಿಎಫ್ ಅಮ್ಮ ಹೇಳಿದ್ದನ್ನು ಇಲ್ಲಿ ದಿನಾ ಕೇಳುತ್ತೇನೆ, ಭಾಷೆ ಬೇರೆ ಅಷ್ಟೇ.

ಇಲ್ಲಿ ಮಿಚಿಗನ್ ಸೆಂಟ್ರಲ್ ಅಂತ ರೈಲು ನಿಲ್ದಾಣ. 1913ರಲ್ಲಿ ಶುರು, 1988ರಲ್ಲಿ ಕೊನೆಯ ರೈಲು ಹೋಯಿತು. ಆಮೇಲೆ ಮೂವತ್ತು ವರ್ಷ ಖಾಲಿ. ಹದಿನೆಂಟು ಮಹಡಿಯ ಕಟ್ಟಡ, ಒಂದು ಕಿಟಕಿಗೂ ಗಾಜಿಲ್ಲ. ಹಿಂದೆ ಸೂರ್ಯ ಮುಳುಗಿದರೆ ಜರಡಿಯ ಹಾಗೆ ಕಾಣುತ್ತಿತ್ತು. ಪ್ರಪಂಚದ ಮೂಲೆ ಮೂಲೆಯಿಂದ ಫೋಟೊಗ್ರಾಫರ್‌ಗಳು ಬಂದರು. ಡೆಟ್ರಾಯಿಟ್ ಅಂದರೆ ಇದೇ ಅನ್ನುವ ಹಾಗಾಯಿತು. ಇಲ್ಲಿನವರು ರೋಸಿಹೋಗಿ ಅದಕ್ಕೆ 'ರೂಯಿನ್ ಪೋರ್ನ್', ಅಂದರೆ ಪಾಳು ನೋಡಿ ಚಪಲ ತೀರಿಸಿಕೊಳ್ಳುವುದು, ಅನ್ನತೊಡಗಿದರು. ಕೆಲಸ ಹೋಗಿ, ತೆರಿಗೆ ಕಟ್ಟಲಾಗದೆ ಜನ ಮನೆ ಬಿಟ್ಟರು. ಆ ಮನೆಗಳ ಫೋಟೊ ಕಾಫಿ ಟೇಬಲ್ ಪುಸ್ತಕವಾಗಿ ಬಂತು.

2018ರಲ್ಲಿ ಫೋರ್ಡ್ ಕಂಪನಿ ನಿಲ್ದಾಣವನ್ನು ಕೊಂಡು ರಿಪೇರಿ ಮಾಡಿಸಿತು. 2024ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕಾಯುವ ಹಾಲಿನ ಕಮಾನು ಛಾವಣಿಗೆ ಸಾವಿರಾರು ಹೆಂಚು, ಎಲ್ಲವನ್ನೂ ತಿಕ್ಕಿ ತೊಳೆದು ಸರಿಮಾಡಿದ್ದಾರೆ. ಜನ ಅಳುತ್ತಿದ್ದರು, ಅಜ್ಜ ಇಲ್ಲಿ ಇಳಿದಿದ್ದರು ಅಂತ.

ಈಗ ಸತ್ಯ ಹೇಳಿಬಿಡುತ್ತೇನೆ. ಅವತ್ತು ತೆಗೆದ ಫೋಟೊ ಒಂದೂ ನನ್ನ 2009ರ ಫೋಟೊಗಳ ಕಾಲಧೂಳಿಗೂ ಸಮ ಇಲ್ಲ. ಅದು ನನಗೆ ಇವತ್ತಿಗೂ ಒಂಥರಾ ಕಸಿವಿಸಿ.

ಹಂಚಿನಮನೆ · ಮಂಗಳವಾರ ಮಧ್ಯಾಹ್ನ

ಹೆಂಚು ಅಂದಿರಿ, ಮಂಗಳೂರಿನವಳು ಸುಮ್ಮನಿರೋಕೆ ಆಗುತ್ತಾ.

ನಮ್ಮಲ್ಲಿ ಹಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ, ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ. ಆಮೇಲೆ ನೇತ್ರಾವತಿ, ಫಲ್ಗುಣಿ ದಂಡೆಯ ಜೇಡಿಮಣ್ಣಿಗೆ ಎಷ್ಟೋ ಕಾರ್ಖಾನೆಗಳು ಎದ್ದವು. ಈಗ ಹೆಚ್ಚಿನವು ಇಲ್ಲ. ಕಾಂಕ್ರೀಟು ಬಂತು, ಮಣ್ಣು ಸಿಗುವುದು ಕಷ್ಟವಾಯಿತು. ಕೆಲವು ಕಡೆ ಚಿಮಣಿ ಮಾತ್ರ ಉಳಿದಿದೆ. ಫೋಟೊ ಮಾಡುವವರಿಗೆ ನನ್ನದೊಂದು ಸಲಹೆ, ಚಿಮಣಿ ಬಿಡಿ, ಕೆಳಗೆ ಬಿದ್ದ ಹಂಚು ಮಗುಚಿ ನೋಡಿ. ಕಂಪನಿಯ ಹೆಸರು ಅಚ್ಚಾಗಿರುತ್ತದೆ. ಅಕ್ಷರದ ಗುಳಿಯಲ್ಲಿ ಪಾಚಿ ಕೂತಿರುತ್ತದೆ. ಬೆಳಗಿನ ಓರೆ ಬಿಸಿಲಿಗೆ ಹಿಡಿದರೆ ಅಕ್ಷರ ಎದ್ದು ಬರುತ್ತದೆ.

ಛಾವಣಿ ತೂತಿನಿಂದ ಇಳಿಯುವ ಬೆಳಕಿನ ಕೋಲಿನ ಬಗ್ಗೆ ತಿಮ್ಮಣ್ಣ ಇಷ್ಟು ಹೇಳಿದರು. ಒಂದು ನೆನಪಿಸುತ್ತೇನೆ. ಅದು ಪಾಳು ಮನೆಯ ಬೆಳಕಲ್ಲ, ನಮ್ಮ ಅಡುಗೆಮನೆಯ ಬೆಳಕು. ಹಂಚಿನ ಮಾಡಿನಲ್ಲಿ ನಡುವೆ ಒಂದು ಗಾಜಿನ ಹಂಚು ಇರುತ್ತಿತ್ತು. ಹತ್ತು ಗಂಟೆಗೆ ಬಿಸಿಲು ನೆಟ್ಟಗೆ ಒಲೆಯ ಹೊಗೆಯೊಳಗೆ ಇಳಿಯುತ್ತಿತ್ತು. ಚಿಕ್ಕವರಿದ್ದಾಗ ಅದನ್ನು ಕೈಯಲ್ಲಿ ಹಿಡಿಯೋಕೆ ಹೋಗುತ್ತಿದ್ದೆವು. ಆಮೇಲೆ ತಾರಸಿ ಮನೆ ಬಂತು, ಹೊಗೆ ಹೋಯಿತು, ಬೆಳಕಿನ ಕೋಲೂ ಹೋಯಿತು. ಈಗ ಅದು ಸಿಗಬೇಕಾದರೆ ಪಾಳು ಮನೆಗೇ ಹೋಗಬೇಕು. ಹೊಗೆಯ ಬದಲು ದೂಳು, ಅಷ್ಟೇ ವ್ಯತ್ಯಾಸ. ನಿಮ್ಮನ್ನೆಲ್ಲ ಎಳೆಯುವುದು ಅದೇ ಇರಬೇಕು ಅಂತ ನನ್ನ ಗುಮಾನಿ. ನಿಮ್ಮ ಅಜ್ಜಿ ಮನೆಯನ್ನು ಊರೂರಲ್ಲಿ ಹುಡುಕುತ್ತಿದ್ದೀರಿ.

ಹಂಚಿನ ಮನೆ ಹೇಗೆ ಸಾಯುತ್ತದೆ ಗೊತ್ತಾ? ನಮ್ಮದೇ ನೋಡಿದ್ದೇನೆ. ಪಾಲಾಯಿತು, ಒಬ್ಬರು ಮುಂಬೈ, ಒಬ್ಬರು ದುಬೈ. ಮೊದಲು ಒಂದು ಹಂಚು ಜಾರುತ್ತದೆ, ಮಂಗ ಹಾರಿಯೋ ತೆಂಗಿನಕಾಯಿ ಬಿದ್ದೋ. ಜನ ಇದ್ದರೆ ಅವತ್ತೇ ಸಂಜೆ ಏಣಿ ಹಾಕಿ ಸರಿಮಾಡುತ್ತಾರೆ. ಇಲ್ಲದಿದ್ದರೆ ಆ ತೂತಿನಿಂದ ಮಳೆ ಇಳಿದು ಪಕ್ಕಾಸು (ಹಂಚು ಹೊರುವ ಮರದ ತುಂಡು) ನೆನೆಯುತ್ತದೆ. ಗೆದ್ದಲು ಬರುತ್ತದೆ. ಮರುವರ್ಷ ಪಕ್ಕಾಸು ಬಾಗಿ ಹತ್ತು ಹಂಚು ಒಟ್ಟಿಗೆ ಬೀಳುತ್ತವೆ. ಈಗ ಮಣ್ಣಿನ ಗೋಡೆಯ ತಲೆಗೆ ಮಳೆ. ಮೂರು ನಾಲ್ಕು ಮಳೆಗಾಲ ಸಾಕು. ಅಷ್ಟರಲ್ಲಿ ಯಾರೋ ಬಂದು ಬಾಗಿಲು, ಕಂಬ, ದಾರಂದ (ಬಾಗಿಲ ಚೌಕಟ್ಟು) ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ. ನಮ್ಮ ಮನೆಯ ಬಾಗಿಲು ಈಗ ಯಾವ ರೆಸಾರ್ಟಿನ ಟೇಬಲ್ ಆಗಿದೆಯೋ.

ಎಡಗಾಲು · ಮಂಗಳವಾರ ರಾತ್ರಿ

ಹೆಸರು ನೋಡಿಯೇ ತಿಳಿಯಿರಿ. ನನ್ನ ಕಥೆ ಹೇಳುತ್ತೇನೆ, ಹೊಸಬರಿಗೆ ಉಪಯೋಗ.

ಹಳೇ ಬಂಗಲೆಯೊಂದರ ಮೇಲಿನ ಮಹಡಿ. ಮದ್ರಾಸ್ ತಾರಸಿ. ಅಂದರೆ ಮರದ ತೊಲೆ, ಅದರ ಮೇಲೆ ಇಟ್ಟಿಗೆಯನ್ನು ಅಂಚಿಗೆ ನಿಲ್ಲಿಸಿ ಸುಣ್ಣದ ಗಾರೆ. ಮೇಲಿನಿಂದ ನೋಡಿದರೆ ಕಲ್ಲಿನಷ್ಟು ಗಟ್ಟಿ. ಕೆಳಗೆ ತೊಲೆಯ ತುದಿ ಗೋಡೆಯೊಳಗೆ ಕೊಳೆತಿದ್ದರೆ ಮೇಲೆ ನಿಂತವನಿಗೆ ಗೊತ್ತಾಗುವುದಿಲ್ಲ. ನಾನು ವ್ಯೂಫೈಂಡರ್ ನೋಡುತ್ತಾ ಎರಡು ಹೆಜ್ಜೆ ಹಿಂದೆ ಇಟ್ಟೆ. ಎಡಗಾಲು ತೊಡೆವರೆಗೆ ಕೆಳಗೆ ಹೋಯಿತು. ಕೆಳಗಿನ ರೂಮಿನಲ್ಲಿದ್ದ ಗೆಳೆಯನಿಗೆ ಸೀಲಿಂಗ್‌ನಿಂದ ಒಂದು ಕಾಲು ಮಾತ್ರ ಕಂಡಿತು. ಅವನು ಮೊದಲು ಮಾಡಿದ್ದೇನು ಗೊತ್ತಾ? ಫೋಟೊ ತೆಗೆದ. ಚೆನ್ನಾಗಿ ಬಂದಿದೆ, ಬೇಕಾದರೆ ಹಾಕುತ್ತೇನೆ.

ಹಾವಿಗೆ ಎಲ್ಲರೂ ಹೆದರುತ್ತಾರೆ, ಹಾವು ಸಾಮಾನ್ಯವಾಗಿ ಹೆಜ್ಜೆಯ ಅದುರಿಗೆ ಸರಿದುಹೋಗುತ್ತದೆ. ನನಗೆ ನಿಜವಾದ ಭಯ ಬಾವಿ. ಹಳೇ ಮನೆಯ ಹಿತ್ತಲಲ್ಲಿ ಬಾವಿ ಇದ್ದೇ ಇರುತ್ತದೆ, ಕಟ್ಟೆ ಬಿದ್ದಿರುತ್ತದೆ, ಬಳ್ಳಿ ಮುಚ್ಚಿರುತ್ತದೆ. ಹಿಂದೆ ಹಿಂದೆ ಹೆಜ್ಜೆ ಇಡುವ ಚಟ ಬಿಡಿ. ಎರಡನೆಯದು ಹೆಜ್ಜೇನು, ಫ್ಲ್ಯಾಶ್ ಹೊಡೆಯುವ ಮೊದಲು ತಲೆ ಎತ್ತಿ ನೋಡಿ. ಬಾವಲಿ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಇರಲಿ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷ ಆಯ್ತು? ಯೋಚಿಸುತ್ತಿದ್ದೀರಿ ಅಂದರೆ ಜಾಸ್ತಿ ಆಗಿದೆ ಅಂತ ಅರ್ಥ. ಒಬ್ಬರೇ ಹೋಗಬೇಡಿ. ಜೊತೆಗೆ ಬರುವವನು ಫೋಟೊಗ್ರಾಫರ್ ಆಗದಿದ್ದರೆ ಇನ್ನೂ ಒಳ್ಳೆಯದು.

ಕರಿಕೋಟು · ಮಂಗಳವಾರ ರಾತ್ರಿ

ಎಲ್ಲರೂ ಬಾವಿ, ಹಾವು ಅಂದಿರಿ. ಕಾನೂನು ಯಾರೂ ಹೇಳಲಿಲ್ಲ. ಮಾಲೀಕ ಕಾಣುತ್ತಿಲ್ಲ ಅಂದರೆ ಮಾಲೀಕ ಇಲ್ಲ ಅಂತಲ್ಲ. ನಮ್ಮ ದೇಶದಲ್ಲಿ ಯಾರದ್ದೂ ಅಲ್ಲದ ಕಟ್ಟಡ ಅಂತ ಇಲ್ಲವೇ ಇಲ್ಲ. ಏಳು ಜನ ವಾರಸುದಾರರು, ಎರಡು ಕೋರ್ಟು, ಅದಕ್ಕೇ ಅದು ಪಾಳು ಬಿದ್ದಿರೋದು. ಮುಚ್ಚಿದ ಕಾರ್ಖಾನೆ, ಗಣಿ ಇವಕ್ಕೆಲ್ಲ ಕಾವಲು ಇರುತ್ತದೆ. ಬರವಣಿಗೆಯಲ್ಲಿ ಅನುಮತಿ ತಗೊಳ್ಳಿ. ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್‌ಗೂ ಅನುಮತಿ ಬೇಕು. ಡ್ರೋನ್ ಬಗ್ಗೆ ಕೇಳಲೇಬೇಡಿ, ಅದು ಬೇರೆಯೇ ಪುರಾಣ.

ಟ್ರೈಪಾಡ್ ತಿಮ್ಮ · ಬುಧವಾರ ಬೆಳಿಗ್ಗೆ

ಅನುಮತಿ ಕೇಳಿದರೆ ಇಲ್ಲ ಅನ್ನುತ್ತಾರೆ, ಕೇಳದಿದ್ದರೆ ಯಾರೂ ನೋಡುವುದಿಲ್ಲ. ಮೂವತ್ತು ವರ್ಷದ ಅನುಭವ.

ಕರಿಕೋಟು · ಬುಧವಾರ ಬೆಳಿಗ್ಗೆ

ಇದನ್ನು ಇಲ್ಲಿ ಬರೆದಿದ್ದೀರಲ್ಲ, ನಮ್ಮ ಕಡೆಯವರಿಗೆ ಸಾಕ್ಷಿ ಹುಡುಕುವ ಕೆಲಸ ಉಳಿಯಿತು.

ಹೇಮಾವತಿ ದಂಡೆ · ಬುಧವಾರ ಬೆಳಿಗ್ಗೆ

ಜಾಗದ ಹೆಸರು ಹಾಕೋದರ ಬಗ್ಗೆಯೂ ಯೋಚಿಸಿ. ಒಬ್ಬ ಲೊಕೇಶನ್ ಹಾಕಿದರೆ ಮುಂದಿನ ಭಾನುವಾರ ನಲವತ್ತು ಬೈಕು. ನಮ್ಮ ಕಡೆ ಇನ್ನೂ ಒಂದೆರಡು ಹಳೆಯ ಕಟ್ಟಡ ಇವೆ. ಎಲ್ಲಿ ಅಂತ ಹೇಳುವುದಿಲ್ಲ.

ಕ್ಯಾಂಡಿಡ್ ಕುಮಾರ · ಬುಧವಾರ ಮಧ್ಯಾಹ್ನ

ಇದು ಒಪ್ಪೋಕೆ ಕಷ್ಟ. ಮುಚ್ಚಿಟ್ಟರೆ ಉಳಿಯುತ್ತಾ? ಯಾರಿಗೂ ಗೊತ್ತಿಲ್ಲದ ಕಟ್ಟಡವನ್ನು ಒಂದು ರಾತ್ರಿ ಜೆಸಿಬಿ ಬಂದು ಕೆಡವಿದರೆ ಕೇಳುವವರೂ ಇರುವುದಿಲ್ಲ. ಶೆಟ್ಟಿಹಳ್ಳಿ ಬಗ್ಗೆ ನಾಲ್ಕು ಜನ ಮಾತಾಡುತ್ತಿದ್ದಾರೆ ಅಂದರೆ ಅದು ಫೋಟೊದಿಂದಲೇ ಅಲ್ವಾ?

ಹೇಮಾವತಿ ದಂಡೆ · ಬುಧವಾರ ಮಧ್ಯಾಹ್ನ

ಮಾತಾಡುತ್ತಿದ್ದಾರೆ, ನಿಜ. ಒಂದು ಇಟ್ಟಿಗೆ ಯಾರಾದರೂ ಇಟ್ಟಿದ್ದಾರಾ?

ಸುಮ್ನೆ ಒಬ್ಬ · ಬುಧವಾರ ರಾತ್ರಿ

ಕೂತಲ್ಲೇ ನೋಡುವವನದು ಒಂದು ಅನುಮಾನ. ಸ್ಫೋಟವಾದ ಚೆರ್ನೋಬಿಲ್ ಅಣುಸ್ಥಾವರದ ಪಕ್ಕದ ಪ್ರಿಪ್ಯತ್ ಊರಿನ ಫೋಟೊ ಎಷ್ಟು ನೋಡಿದರೂ ಅದೇ, ಕಬ್ಬಿಣದ ಮಂಚ, ಮೇಲೊಂದು ಗೊಂಬೆ, ಪಕ್ಕದಲ್ಲಿ ಗ್ಯಾಸ್ ಮಾಸ್ಕ್. 1986ರ ಏಪ್ರಿಲ್ 27ರಂದು ಬಸ್ಸು ತಂದು ಊರು ಖಾಲಿ ಮಾಡಿಸಿದರು, ಎರಡು ಮೂರು ದಿನಕ್ಕೆ ಬಟ್ಟೆ ತಗೊಳ್ಳಿ ಅಂತ ಹೇಳಿ. ಹೊರಡುವ ಗಡಿಬಿಡಿಯಲ್ಲಿ ಯಾವ ಮಗು ಗೊಂಬೆಗೆ ಮಾಸ್ಕ್ ಹಾಕಿ ಕೂರಿಸಿ ಹೋಗುತ್ತದೆ? ಆಮೇಲೆ ಬಂದವರು ಜೋಡಿಸಿದ್ದು ಅಂತ ಓದಿದ ಮೇಲೆ ನನಗೆ ಯಾವ ಫೋಟೊ ನಂಬೋದು ಅಂತಲೇ ತಿಳಿಯುತ್ತಿಲ್ಲ. ನೀವೂ ಹೀಗೆ ಜೋಡಿಸುತ್ತೀರಾ?

ಕಿಟಕಿಬೆಳಕು · ಬುಧವಾರ ರಾತ್ರಿ

ಒಂದು ಸಲ ಕುರ್ಚಿ ಸರಿಸಿದ್ದೇನೆ. ಕಿಟಕಿ ಬೆಳಕು ಬೀಳುವ ಕಡೆಗೆ, ಎರಡು ಅಡಿ. ಆ ಫೋಟೊಗೆ ಇಲ್ಲೇ ಎಲ್ಲರೂ "ಯಾರನ್ನೋ ಕಾಯುತ್ತಿರುವ ಕುರ್ಚಿ" ಅಂತ ಹೊಗಳಿದ್ದಿರಿ. ಅದು ನನ್ನನ್ನೇ ಕಾಯುತ್ತಿತ್ತು, ಎತ್ತಿ ಇಡಲಿ ಅಂತ.

ಮಾರಿಕುಪ್ಪಂನವರೇ, ಒಂದು ಕೇಳಲಾ? ಈ ಸಲ ಪಾಳು ಬಿದ್ದಿದ್ದು ಎಲ್ಲಿದೆ ಅಂತ ಕೇಳುವುದಿಲ್ಲ. ನಿಮ್ಮೂರಲ್ಲಿ ಏನನ್ನು ನೋಡಬೇಕು ಅಂತ ನೀವೇ ಹೇಳಿ.

ಮಾರಿಕುಪ್ಪಂ ಮೇಲ್ · ಗುರುವಾರ ರಾತ್ರಿ

ಇನ್ನೊಬ್ಬ ಚಿಕ್ಕಪ್ಪನ ಲೈನ್ ಮನೆ ಬೀಗ ಹಾಕಿದೆ. ಅವರು ಮಗನ ಜೊತೆ ಬೆಂಗಳೂರಿಗೆ ಹೋಗಿ ಆರು ವರ್ಷ. ಬೀಗದ ಕೈ ಪಕ್ಕದ ಮನೆಯಲ್ಲಿದೆ, ಹೇಳಿಟ್ಟಿರುತ್ತೇನೆ. ನೋಡೋದು ಏನೂ ಇಲ್ಲ ಅಲ್ಲಿ. ಹೋಗಿ ಬನ್ನಿ. ವಿಳಾಸ ಬೇರೆಯಾಗಿ ಕಳಿಸಿದ್ದೇನೆ, ಇಲ್ಲಿ ಹಾಕಬೇಡಿ.

ಕಿಟಕಿಬೆಳಕು · ಭಾನುವಾರ ರಾತ್ರಿ

ಹೋಗಿ ಬಂದೆ. ಹನ್ನೊಂದು ಫೋಟೊ, ಅಷ್ಟೇ. ಹೆಂಡತಿ ಜೊತೆಗೆ ಬಂದಿದ್ದಳು, ಲೆಕ್ಕ ಅವಳದೇ.

ಪಕ್ಕದ ಮನೆಯವರು ಮೊದಲು ಕಾಫಿ ಕೊಟ್ಟರು, ಆಮೇಲೆ ಬೀಗದ ಕೈ. ಬಾಗಿಲು ತಗ್ಗು, ಬಗ್ಗಿ ಒಳಗೆ ಹೋಗಬೇಕು. ಒಂದು ರೂಮು, ಹಿಂದೆ ಒಂದು ಅಡುಗೆ ಮೂಲೆ. ಬೆಳಕು ಬಾಗಿಲಿನಿಂದ ಮಾತ್ರ. ಕಮಾನು ಇಲ್ಲ, ಗೋಪುರ ಇಲ್ಲ. ಗೋಡೆಯಲ್ಲಿ ದೇವರ ಪಟ ಇದ್ದ ಜಾಗ ಚೌಕವಾಗಿ ಬೆಳ್ಳಗಿದೆ, ಸುತ್ತ ಊದುಬತ್ತಿಯ ಮಸಿ. ಪಾತ್ರೆ ಸ್ಟ್ಯಾಂಡಿನ ಮೊಳೆಗಳು ಹಾಗೇ ಇವೆ. ನೆಲ ನಡುಗಿದಾಗ ಹಿಡಿಯುತ್ತಿದ್ದರು ಅಂತ ನೀವು ಬರೆದಿದ್ದಿರಲ್ಲ, ನನ್ನ ಕೈ ತಾನಾಗಿಯೇ ಅಲ್ಲಿಗೆ ಹೋಯಿತು.

ಹತ್ತು ಫೋಟೊ ಇರಲಿ, ಒಂದನ್ನು ಹಾಕಿದ್ದೇನೆ. ಅಡುಗೆ ಮೂಲೆಯ ಬಾಗಿಲ ಪಕ್ಕ, ಸೊಂಟದ ಎತ್ತರಕ್ಕೆ, ಇದ್ದಲಿನಿಂದ ಎಳೆದ ಸಣ್ಣ ಸಣ್ಣ ಗೆರೆಗಳು. ಸಾಲು ಸಾಲಾಗಿವೆ. ಪ್ರತಿ ಸಾಲಿನ ಮೇಲೂ ಒಂದು ಉದ್ದ ಅಡ್ಡಗೆರೆ. ಕೊನೆಯ ಸಾಲಿಗೆ ಮಾತ್ರ ಅಡ್ಡಗೆರೆ ಇಲ್ಲ, ಅದು ಹದಿನೇಳಕ್ಕೆ ನಿಂತಿದೆ. ಏನನ್ನೂ ಮುಟ್ಟಿಲ್ಲ, ಸರಿಸಿಲ್ಲ.

ಟ್ರೈಪಾಡ್ ತಿಮ್ಮ · ಭಾನುವಾರ ರಾತ್ರಿ

ಅಬ್ಬಾ. ಜೈಲಿನ ಗೋಡೆ ನೋಡಿದ ಹಾಗಾಯಿತು. ಕಪ್ಪು ಬಿಳುಪು ಮಾಡಿ, ಇನ್ನೂ ಗಾಢವಾಗುತ್ತದೆ.

ಮಿಚಿಗನ್ ಮಾವ · ಸೋಮವಾರ ಬೆಳಿಗ್ಗೆ

ಗಣಿಗೆ ಇಳಿದ ದಿನಗಳನ್ನು ಎಣಿಸಿದ್ದಾರೇನೋ. ಪ್ರತಿ ಸಲ ಜೀವಂತ ಮೇಲೆ ಬಂದಾಗ ಒಂದು ಗೆರೆ. ಹದಿನೇಳಕ್ಕೆ ನಿಂತಿದೆ ಅಂದರೆ… ಬರೆಯೋಕೆ ಮನಸ್ಸು ಬರುತ್ತಿಲ್ಲ.

ತುಂಬೆಹೂ · ಸೋಮವಾರ ಬೆಳಿಗ್ಗೆ

ನೋಡಿ ಕಣ್ಣು ತುಂಬಿ ಬಂತು.

ಮಾರಿಕುಪ್ಪಂ ಮೇಲ್ · ಸೋಮವಾರ ಬೆಳಿಗ್ಗೆ, ರೈಲಿನಿಂದ

ಅಯ್ಯೋ, ಯಾಕಿಷ್ಟು ಅಳುತ್ತಿದ್ದೀರಿ ಎಲ್ಲರೂ? ಅದು ಹಾಲಿನ ಲೆಕ್ಕ.

ಒಂದು ಗೆರೆ ಅಂದರೆ ಅರ್ಧ ಲೀಟರು. ನಡುವೆ ಸೊನ್ನೆ ಇದ್ದರೆ ಅವತ್ತು ಹಾಲು ಬರಲಿಲ್ಲ. ಎರಡನೇ ಸಾಲಿನಲ್ಲಿ ಒಂದು ಕಡೆ ಗೆರೆಗಳು ಒತ್ತೊತ್ತಾಗಿವೆ ನೋಡಿ, ನೆಂಟರು ಬಂದಿರಬೇಕು. ತಿಂಗಳು ಮುಗಿದು ದುಡ್ಡು ಕೊಟ್ಟ ಮೇಲೆ ಉದ್ದ ಗೆರೆ ಎಳೆದು ಹೊಡೆದುಹಾಕುವುದು. ಸೊಂಟದ ಎತ್ತರಕ್ಕೆ ಯಾಕಿದೆ ಅಂದರೆ ಆ ಮನೆಯ ಚಿಕ್ಕಮ್ಮ ಕೂತುಕೊಂಡು ಗೆರೆ ಎಳೆಯುತ್ತಿದ್ದಳು, ಮಂಡಿ ನೋವು.

ಚಿಕ್ಕಪ್ಪ ಊರು ಬಿಟ್ಟಿದ್ದು ತಿಂಗಳ ನಡುವೆ. ಅಂದರೆ ಹದಿನೇಳು ದಿನದ ಹಾಲಿನ ದುಡ್ಡು ಕೊಟ್ಟೇ ಇಲ್ಲ! ಹಾಲಿನ ಅಜ್ಜಿ ಇನ್ನೂ ಇದ್ದಾಳೆ, ನಮ್ಮ ಮನೆಗೆ ಅವಳೇ ಹಾಕೋದು. ಆ ಫೋಟೊ ನನಗೆ ದೊಡ್ಡದು ಕಳಿಸಿ. ಕಪ್ಪು ಬಿಳುಪು ಬೇಡ, ಗೆರೆ ಸರಿಯಾಗಿ ಕಾಣಬೇಕು, ಚಿಕ್ಕಪ್ಪನಿಗೆ ತೋರಿಸಬೇಕು.